ಗಡಿ ತೆರೆದರೆ ನಮ್ಮವರ ಕೆಲಸ ಹೋಗುತ್ತಾ?

ಪ್ರಶ್ನೆ: ಮೇಡಂ, ನಾನು ಗಂಗಾವತಿ ತಾಲ್ಲೂಕಿನವನು. ಐಟಿಐ ಫಿಟ್ಟರ್ ಮುಗಿಸಿ ಎರಡು ವರ್ಷ ಆಯಿತು. ಎಲ್ಲಿ ಅರ್ಜಿ ಹಾಕಿದರೂ ಕಾಂಟ್ರಾಕ್ಟರ್‌ಗಳು ಬಿಹಾರ, ಜಾರ್ಖಂಡ್, ಒಡಿಶಾದವರನ್ನೇ ತುಂಬಿಕೊಳ್ಳುತ್ತಾರೆ. ಇತ್ತ ನಮ್ಮಕ್ಕ ಬಿಎಸ್ಸಿ ನರ್ಸಿಂಗ್ ಮುಗಿಸಿ, ಜರ್ಮನ್ ಭಾಷೆ ಕಲಿತು, ಜರ್ಮನಿ ವೀಸಾಕ್ಕೆ ಕಾಯುತ್ತಿದ್ದಾಳೆ. ದುಡಿಯುವವರು ಯಾವ ದೇಶಕ್ಕೆ ಬೇಕಾದರೂ ಹೋಗುವ ಹಾಗೆ ಎಲ್ಲಾ ಗಡಿಗಳೂ ತೆರೆದಿರಬೇಕು ಅಂತ ನೀವು ಒಂದು ಭಾಷಣದಲ್ಲಿ ಹೇಳಿದಿರಿ. ಅದು ನಡೆಯುವ ಮಾತಾ? ಹಾಗಾದರೆ ನನ್ನಂಥವರ ಗತಿ ಏನು? ಬಾಂಗ್ಲಾದವರೂ ಬರಲಿ ಅಂತೀರಾ?

ಉತ್ತರ: ಹೌದು, ಹೇಳಿದ್ದೆ. ಈಗಲೂ ಅದನ್ನೇ ಹೇಳುತ್ತೇನೆ. ಆದರೆ ಎರಡು ವರ್ಷ ಕೆಲಸ ಸಿಗದೆ ಕೂತವರ ಮುಂದೆ ಮೊದಲೇ ಜಗತ್ತಿನ ಜಿಡಿಪಿ ಲೆಕ್ಕ ಇಡುವುದು ಸರಿಯಲ್ಲ. ಅದಕ್ಕೇ ನಮ್ಮ ನೆಲದಿಂದಲೇ ಶುರು ಮಾಡುತ್ತೇನೆ.

ನಿಮ್ಮ ತಾಲ್ಲೂಕಿನಲ್ಲಿ ಎಷ್ಟು ಊರಿನ ಹೆಸರಿನ ಕೊನೆಗೆ 'ಕ್ಯಾಂಪ್' ಅಂತಿದೆ, ನೋಡಿ. ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಶುರುವಾಗಿ 1953ರ ಹೊತ್ತಿಗೆ ಕಾಲುವೆಗೆ ನೀರು ಬಂತು. ಅಲ್ಲಿಯವರೆಗೆ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ, ಆಚೆ ದಂಡೆಯ ಸಿರುಗುಪ್ಪ, ಇಲ್ಲೆಲ್ಲ ಮಳೆ ನಂಬಿ ಬಿಳಿಜೋಳ, ಹತ್ತಿ ಬೆಳೆಯುವ ಎರೆಭೂಮಿ. ನೀರು ಬಂದರೂ ಭತ್ತದ ಗದ್ದೆ ಮಾಡುವುದು ನಮ್ಮ ರೈತರಿಗೆ ಅಷ್ಟು ರೂಢಿ ಇರಲಿಲ್ಲ. ಆಂಧ್ರದ ಗೋದಾವರಿ, ಕೃಷ್ಣಾ ಜಿಲ್ಲೆಗಳ ಕಡೆಯಿಂದ ರೈತರು ಬಂದರು, ಜಮೀನು ಕೊಂಡರು, ಗುಡಿಸಲು ಹಾಕಿಕೊಂಡು ಉಳಿದರು. ಆ ಗುಡಿಸಲುಗಳೇ ಮುಂದೆ ಕ್ಯಾಂಪ್‌ಗಳಾದವು. ನೆಲ ಸಮ ಮಾಡುವುದು, ಮಡಿ ಕಟ್ಟುವುದು, ನಾಟಿ ಮಾಡುವುದು, ಎಲ್ಲವನ್ನೂ ಅವರು ತಂದರು. ಇವತ್ತು ಗಂಗಾವತಿಯನ್ನು ಭತ್ತದ ಕಣಜ ಅಂತ ಕರೆಯುತ್ತೇವೆ, ಇಲ್ಲಿನ ಸೋನಾ ಮಸೂರಿ ಬೆಂಗಳೂರಿನ ಅಂಗಡಿಗಳಲ್ಲಿ ಊರಿನ ಹೆಸರು ಹೇಳಿಕೊಂಡೇ ಮಾರಾಟ ಆಗುತ್ತದೆ. ರೈಸ್ ಮಿಲ್, ಗೊಬ್ಬರದ ಅಂಗಡಿ, ಟ್ರ್ಯಾಕ್ಟರ್ ಗ್ಯಾರೇಜ್, ಲಾರಿ ಆಫೀಸು, ಇವೆಲ್ಲ ಆ ಭತ್ತದ ಹಿಂದೆ ಬಂದವು. ನಿಮ್ಮ ಫಿಟ್ಟರ್ ಕೆಲಸಕ್ಕೂ ಇಲ್ಲಿ ಬೇಡಿಕೆ ಅಂತ ಇದ್ದರೆ ಅದರ ಒಂದು ಬೇರು ಅಲ್ಲಿದೆ.

ಆಗ ನಷ್ಟ ಆದವರೂ ಇದ್ದರು. ನೀರಿನ ಬೆಲೆ ಗೊತ್ತಿಲ್ಲದೆ ಎಷ್ಟೋ ಮನೆತನಗಳು ಜಮೀನನ್ನು ಮೂರು ಕಾಸಿಗೆ ಮಾರಿ, ಮುಂದೆ ಅದೇ ಹೊಲದಲ್ಲಿ ಕೂಲಿಗೆ ಹೋದವು. ಆ ನೋವು ಇನ್ನೂ ಆರಿಲ್ಲ, ಅದನ್ನು ಸುಮ್ನೆ ತಳ್ಳಿಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕಾಲುವೆಯ ಮೇಲ್ಭಾಗದವರು ಲೆಕ್ಕ ಮೀರಿ ಭತ್ತ ಹಾಕಿ ನೀರು ಎಳೆದುಕೊಂಡಿದ್ದಕ್ಕೆ ಮಾನ್ವಿ, ರಾಯಚೂರು ಕಡೆಯ ಕೊನೆ ಭಾಗದ ರೈತರು ಇವತ್ತಿಗೂ ಒದ್ದಾಡುತ್ತಿದ್ದಾರೆ. ಆದರೆ ಇದರಲ್ಲಿ ತಪ್ಪು ಯಾವುದು? ಜನ ಬಂದದ್ದಾ, ಅಥವಾ ಸಣ್ಣ ರೈತನಿಗೆ ಸಾಲ, ತರಬೇತಿ, ನೀರಿನ ಪಾಲು ಕೊಡಿಸಬೇಕಾದ ವ್ಯವಸ್ಥೆ ಕೈಕಟ್ಟಿ ಕೂತದ್ದಾ? ಎರಡನೆಯದು ಅನ್ನುತ್ತೇನೆ ನಾನು. ಬಂದವರನ್ನು ತಡೆದಿದ್ದರೆ ಭತ್ತವೂ ಬರುತ್ತಿರಲಿಲ್ಲ, ಸಾಲವೂ ಸಿಗುತ್ತಿರಲಿಲ್ಲ.

ಈಗ ನಿಮ್ಮ ಕೆಲಸದ ಮಾತು. ಕೆಲಸಗಳು ಬುಟ್ಟಿಯಲ್ಲಿ ಎಣಿಸಿಟ್ಟ ರೊಟ್ಟಿಗಳಲ್ಲ, ಒಬ್ಬ ಬಂದು ಒಂದು ತಿಂದರೆ ಇನ್ನೊಬ್ಬನಿಗೆ ಒಂದು ಕಡಿಮೆ ಆಯಿತು ಅನ್ನಲು. ಬಂದವನೂ ಉಣ್ಣುತ್ತಾನೆ, ಬಾಡಿಗೆ ಕಟ್ಟುತ್ತಾನೆ, ಮೊಬೈಲ್ ರೀಚಾರ್ಜ್ ಮಾಡಿಸುತ್ತಾನೆ, ಬಟ್ಟೆ ಹೊಲಿಸುತ್ತಾನೆ. ಅವನು ದುಡಿದದ್ದರಿಂದ ಕಾರ್ಖಾನೆ ದೊಡ್ಡದಾದರೆ ಸೂಪರ್‌ವೈಸರ್, ಡ್ರೈವರ್, ಲೆಕ್ಕ ಬರೆಯುವವರು, ಮೆಷಿನ್ ರಿಪೇರಿ ಮಾಡುವವರು ಬೇಕಾಗುತ್ತಾರೆ. ಇದು ಬಾಯಿಮಾತಲ್ಲ, ಪರೀಕ್ಷೆಗೆ ಬಿದ್ದ ಸಂಗತಿ. 1980ರಲ್ಲಿ ಕೆಲವೇ ತಿಂಗಳಲ್ಲಿ ಕ್ಯೂಬಾದಿಂದ ಸುಮಾರು 1,25,000 ಜನ ದೋಣಿಗಳಲ್ಲಿ ಅಮೆರಿಕಕ್ಕೆ ಬಂದರು, ಅವರಲ್ಲಿ ಅರ್ಧದಷ್ಟು ಜನ ಮಯಾಮಿ ನಗರದಲ್ಲೇ ಉಳಿದರು. ಒಂದೇ ಬಾರಿಗೆ ಅಲ್ಲಿನ ದುಡಿಯುವವರ ಸಂಖ್ಯೆ ಶೇ 7ರಷ್ಟು ಏರಿತು. ಡೇವಿಡ್ ಕಾರ್ಡ್ ಅನ್ನುವ ಅರ್ಥಶಾಸ್ತ್ರಜ್ಞರು ಅಂಕಿ ಹಿಡಿದು ನೋಡಿದಾಗ ಅಲ್ಲಿನ ಹಳೆಯ ಕೂಲಿಕಾರರ ಸಂಬಳದ ಮೇಲೆ, ನಿರುದ್ಯೋಗದ ಮೇಲೆ ಹೇಳಿಕೊಳ್ಳುವಂಥ ಪೆಟ್ಟು ಕಾಣಲಿಲ್ಲ. 1990ರಲ್ಲಿ ಅದನ್ನು ಪ್ರಕಟಿಸಿದರು, 2021ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಇದನ್ನು ಒಪ್ಪದವರೂ ಇದ್ದಾರೆ. ಜಾರ್ಜ್ ಬೋರ್ಹಾಸ್ ಅನ್ನುವ ಇನ್ನೊಬ್ಬ ಅರ್ಥಶಾಸ್ತ್ರಜ್ಞರು ಹೈಸ್ಕೂಲು ಮುಗಿಸದವರನ್ನಷ್ಟೇ ತೆಗೆದುಕೊಂಡು ನೋಡಿದರೆ ಸಂಬಳ ಬಿದ್ದದ್ದು ಕಾಣುತ್ತದೆ ಅಂದರು. ಆ ಜಗಳ ಇನ್ನೂ ನಡೆದಿದೆ. ನನ್ನ ಓದಿನ ಪ್ರಕಾರ, ಪೆಟ್ಟು ಬಿದ್ದರೆ ಅದು ತೀರಾ ಕೆಳಗಿನ ಒಂದು ಸಣ್ಣ ಗುಂಪಿಗೆ, ಸ್ವಲ್ಪ ಕಾಲ ಬೀಳುತ್ತದೆ. ಅವರಿಗೆ ಸಹಾಯ ಮಾಡಬೇಕು, ಅದರಲ್ಲಿ ಎರಡು ಮಾತಿಲ್ಲ.

ತಡೆದರೆ ಏನಾಗುತ್ತದೆ ಅನ್ನುವುದಕ್ಕೂ ಒಂದು ಉದಾಹರಣೆ ಇದೆ, ಇದು ನನಗೆ ಇನ್ನೂ ಮುಖ್ಯ. ಮೆಕ್ಸಿಕೋದ ಕೂಲಿಕಾರರು ಹಂಗಾಮಿಗೆ ಬಂದು ಅಮೆರಿಕದ ಹೊಲಗಳಲ್ಲಿ ದುಡಿದು ಹೋಗುವ ಬ್ರಸೇರೋ ಅನ್ನುವ ಯೋಜನೆ 1942ರಿಂದ ಇತ್ತು. ಇವರಿಂದ ನಮ್ಮವರ ಕೂಲಿ ಬೀಳುತ್ತಿದೆ ಅಂತ 1964ರ ಕೊನೆಗೆ ಅದನ್ನು ನಿಲ್ಲಿಸಿದರು. ಆಮೇಲೆ ಅಲ್ಲಿನವರ ಕೂಲಿ ಏರಿತಾ? ಮೆಕ್ಸಿಕೋದವರು ಇದ್ದ ರಾಜ್ಯಗಳನ್ನೂ ಇಲ್ಲದ ರಾಜ್ಯಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದ ಸಂಶೋಧಕರಿಗೆ ವ್ಯತ್ಯಾಸವೇ ಕಾಣಲಿಲ್ಲ. ಜಮೀನಿನ ಮಾಲೀಕರು ಟೊಮೆಟೊ ಕೀಳುವ ಮೆಷಿನ್ ತಂದರು, ಕೈಯಿಂದ ಕೀಳಬೇಕಾದ ಬೆಳೆ ಕಡಿಮೆ ಮಾಡಿದರು. ಹೊರಗಿನವನ ಕೆಲಸ ಹೋಯಿತು, ಒಳಗಿನವನಿಗೆ ಅದು ಸಿಗಲಿಲ್ಲ.

ಹಾಗಾದರೆ ಕಾಂಟ್ರಾಕ್ಟರ್ ನಿಮ್ಮನ್ನು ಬಿಟ್ಟು ಜಾರ್ಖಂಡಿನ ಹುಡುಗನನ್ನು ಯಾಕೆ ತಗೊಳ್ಳುತ್ತಾನೆ? ಆ ಹುಡುಗ ಶೆಡ್ಡಿನಲ್ಲಿ ಮಲಗುತ್ತಾನೆ, ಹನ್ನೆರಡು ತಾಸು ದುಡಿಯುತ್ತಾನೆ, ಪಿಎಫ್ ಕೇಳುವುದಿಲ್ಲ, ಹಬ್ಬಕ್ಕೆ ರಜೆ ಕೇಳುವುದಿಲ್ಲ, ಮೋಸ ಆದರೂ ಯಾವ ಆಫೀಸಿಗೆ ಹೋಗಬೇಕು ಅಂತ ಅವನಿಗೆ ಗೊತ್ತಿಲ್ಲ. ನಿಮಗೆ ಗೊತ್ತಿದೆ, ಅದಕ್ಕೇ ನೀವು ಬೇಡ. 1979ರಲ್ಲೇ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಬಂತು. ಒಂದೇ ಕೆಲಸಕ್ಕೆ ಸ್ಥಳೀಯರಿಗೆ ಎಷ್ಟೋ ಹೊರಗಿನವರಿಗೂ ಅಷ್ಟೇ ಕೂಲಿ ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಅದನ್ನು ನಿಜವಾಗಿ ಜಾರಿ ಮಾಡಿದ್ದರೆ ಹೊರಗಿನವನು ಅಗ್ಗ ಅನ್ನುವ ಕಾರಣವೇ ಉಳಿಯುತ್ತಿರಲಿಲ್ಲ, ಆಗ ಕಾಂಟ್ರಾಕ್ಟರ್ ಕೆಲಸ ಯಾರಿಗೆ ಚೆನ್ನಾಗಿ ಬರುತ್ತದೆ ಅಂತ ನೋಡಬೇಕಾಗುತ್ತಿತ್ತು, ಹತ್ತಿರದಲ್ಲೇ ಇರುವ ನೀವು ಅವನಿಗೆ ಲಾಭವಾಗಿ ಕಾಣುತ್ತಿದ್ದಿರಿ. ಆ ಹುಡುಗನ ಹಕ್ಕು ಗಟ್ಟಿ ಆದಷ್ಟೂ ನಿಮ್ಮ ಅವಕಾಶ ಜಾಸ್ತಿ ಆಗುತ್ತದೆ. ಅವನನ್ನು ರೈಲು ಹತ್ತಿಸಿ ಕಳಿಸಿದರೆ ಕಾಂಟ್ರಾಕ್ಟರ್ ಅಷ್ಟೇ ನಿಸ್ಸಹಾಯಕನಾದ ಇನ್ನೊಬ್ಬನನ್ನು ಹುಡುಕುತ್ತಾನೆ.

ನಮ್ಮವರು ಬೇರೆ ಕಡೆ ಹೋಗಿ ಹೇಗಿದ್ದಾರೆ ಅಂತಲೂ ನೋಡಬೇಕಲ್ವಾ? ದೇವದುರ್ಗ, ಲಿಂಗಸುಗೂರು, ಕುಷ್ಟಗಿ, ಯಲಬುರ್ಗಾದಿಂದ ಬರಗಾಲ ಬಂದಾಗಲೆಲ್ಲ ಗುಳೆ ಹೋಗುವವರ ಬಸ್ಸು ತುಂಬುತ್ತದೆ. ಬೆಂಗಳೂರು, ಪುಣೆ, ಮುಂಬೈ, ಗೋವಾ. ಗೋವಾದ ರಸ್ತೆ, ಕಟ್ಟಡಗಳಲ್ಲಿ ಉತ್ತರ ಕರ್ನಾಟಕದ ಬೆವರು ಎಷ್ಟಿದೆ ಅಂತ ಅಲ್ಲಿಯವರಿಗೂ ಗೊತ್ತು. ಆದರೂ ನಮ್ಮವರನ್ನು ಅಲ್ಲಿ 'ಘಾಟಿ' ಅಂತ ಹೀಯಾಳಿಸುತ್ತಾರೆ. 2004ರಲ್ಲಿ ವಾಸ್ಕೋದ ಬೈನಾ ಕಡಲತೀರದಲ್ಲಿ ಮನೆ ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಬಹಳ ಜನ ಕನ್ನಡದವರು. ಅಲ್ಲಿನ ಯಾರಾದರೂ 'ಇವರು ನಮ್ಮ ಹುಡುಗರ ಕೆಲಸ ತಿಂದರು' ಅಂದಾಗ ನಮಗೆ ಉರಿಯುತ್ತದೆ. ಅದೇ ಮಾತನ್ನು ಬಿಹಾರದವನ ಬಗ್ಗೆ ನಾವು ಆಡಿದರೆ ಅವನಿಗೂ ಹಾಗೇ ಉರಿಯುತ್ತದೆ.

ದೇಶದ ಒಳಗಿನ ಮಾತು ಬೇರೆ, ದೇಶ ದೇಶದ ನಡುವಿನದು ಬೇರೆ ಅನ್ನಬಹುದು ನೀವು. ದೇಶದೊಳಗೆ ಎಲ್ಲಿ ಬೇಕಾದರೂ ಓಡಾಡುವ, ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ, ಅದು ನಿಜ. ಆದರೆ ಗಡಿ ಅನ್ನುವುದು ಎಷ್ಟು ಬೇಗ ಹುಟ್ಟುತ್ತದೆ, ಎಷ್ಟು ಬೇಗ ಅಳಿಯುತ್ತದೆ ಅಂತ ನಮ್ಮ ಭಾಗದವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? 1947ರ ಆಗಸ್ಟ್ 15ರಂದು ಬಳ್ಳಾರಿ, ಹೊಸಪೇಟೆ ಮದ್ರಾಸ್ ಪ್ರಾಂತ್ಯದಲ್ಲಿದ್ದವು, ಸ್ವತಂತ್ರ ಭಾರತದ ಭಾಗವಾದವು. ಹೊಳೆಯ ಈಚೆಯ ಗಂಗಾವತಿ, ಕೊಪ್ಪಳ, ರಾಯಚೂರು ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲೇ ಉಳಿದವು. 1948ರ ಸೆಪ್ಟೆಂಬರ್ 17ರವರೆಗೆ, ಅಂದರೆ ಹದಿಮೂರು ತಿಂಗಳು, ತುಂಗಭದ್ರೆಯೇ ಗಡಿ. ಬೀಗರು ಆ ದಂಡೆಯಲ್ಲಿ, ನಾವು ಈ ದಂಡೆಯಲ್ಲಿ. ನಿಜಾಮನ ಪರ ನಿಂತ ರಜಾಕಾರರ ಹಾವಳಿ ತಾಳಲಾರದೆ ಎಷ್ಟೋ ಕುಟುಂಬಗಳು ಆ ಹೊಳೆ ದಾಟಿದವು, ಇನ್ನೂ ಎಷ್ಟೋ ಜನ ಗದಗಿನ ದಿಕ್ಕಿಗೆ ಓಡಿದರು. ಆಚೆಯವರು 'ನೀವು ಬೇರೆ ರಾಜ್ಯದ ಪ್ರಜೆಗಳು, ವಾಪಸ್ ಹೋಗಿ' ಅಂದಿದ್ದರೆ ಅದನ್ನು ನಾವು ಇವತ್ತು ಏನಂತ ಕರೆಯುತ್ತಿದ್ದೆವು? ಆ ಹದಿಮೂರು ತಿಂಗಳು ಹೊಳೆ ದಾಟಿದವರ ಹಕ್ಕು ಯಾವ ಕಾಗದದ ಮೇಲೂ ಇರಲಿಲ್ಲ. ಆದರೂ ಅವರು ದಾಟಿದ್ದು ಸರಿ ಅಂತ ನಮಗೆಲ್ಲ ಗೊತ್ತು.

ನೀತಿಯ ಪ್ರಶ್ನೆ ಇರುವುದು ಇಲ್ಲೇ. ಗಡಿಯಲ್ಲಿ ಒಬ್ಬ ಕೂಲಿಕಾರನನ್ನು ತಡೆಯುವುದು ಬರೀ 'ಸಹಾಯ ಮಾಡದೇ ಇರುವುದು' ಅಲ್ಲ. ಅವನಿಗೆ ಕೆಲಸ ಕೊಡಲು ಒಬ್ಬ ಮಾಲೀಕ ಸಿದ್ಧ ಇದ್ದಾನೆ, ಮನೆ ಕೊಡಲು ಇನ್ನೊಬ್ಬ ಸಿದ್ಧ ಇದ್ದಾನೆ, ಅವನು ಬೆವರು ಸುರಿಸಲು ಸಿದ್ಧ ಇದ್ದಾನೆ. ನಡುವೆ ಬಂದೂಕು ಹಿಡಿದು ನಿಂತು ಬೇಡ ಅನ್ನುತ್ತೇವೆ. ಕಾರಣ ಒಂದೇ, ಅವನು ಹುಟ್ಟಿದ ಜಾಗ. ಹುಟ್ಟಿನ ಮೇಲೆ ಯಾರು ಯಾವ ಕೆಲಸ ಮಾಡಬೇಕು, ಯಾವ ಕೇರಿಯಲ್ಲಿ ಇರಬೇಕು ಅಂತ ಗೆರೆ ಎಳೆಯುವುದನ್ನು ನಾವು ಊರೊಳಗೆ ಅನ್ಯಾಯ ಅಂತ ಒಪ್ಪಿದ್ದೇವೆ, ಅದರ ವಿರುದ್ಧ ಬಸವಣ್ಣನ ಕಾಲದಿಂದ ಈ ನೆಲದಲ್ಲಿ ಜನ ಹೋರಾಡಿದ್ದಾರೆ. ದಕ್ಷಿಣ ಆಫ್ರಿಕಾದಲ್ಲಿ ಕರಿಯರು ಪಾಸ್ ಪುಸ್ತಕ ಇಲ್ಲದೆ ಬಿಳಿಯರ ಪಟ್ಟಣಗಳಲ್ಲಿ ಇರುವ ಹಾಗಿರಲಿಲ್ಲ, 1986ರಲ್ಲಿ ಆ ಕಾನೂನು ಹೋಯಿತು. ಈಗ ಅದನ್ನು ಸಮರ್ಥಿಸುವವರು ಯಾರೂ ಸಿಗುವುದಿಲ್ಲ. 1914ರಲ್ಲಿ ಕೋಮಗಾಟ ಮಾರು ಹಡಗಿನಲ್ಲಿ 376 ಜನ, ಹೆಚ್ಚಿನವರು ಪಂಜಾಬಿನ ಸಿಖ್ಖರು, ಕೆನಡಾದ ವ್ಯಾಂಕೂವರ್ ಮುಟ್ಟಿದರು. ಅವರೂ ಬ್ರಿಟಿಷ್ ಸಾಮ್ರಾಜ್ಯದ ಪ್ರಜೆಗಳೇ, ಕೆನಡಾವೂ ಅದೇ ಸಾಮ್ರಾಜ್ಯದ್ದೇ. ಎರಡು ತಿಂಗಳು ಬಂದರಿನಲ್ಲಿ ನಿಲ್ಲಿಸಿ ಬಹುತೇಕ ಎಲ್ಲರನ್ನೂ ವಾಪಸ್ ಕಳಿಸಿದರು, ಕಲ್ಕತ್ತಾ ಹತ್ತಿರದ ಬಜ್ ಬಜ್‌ನಲ್ಲಿ ಇಳಿದಾಗ ಪೊಲೀಸರ ಗುಂಡಿಗೆ ಹಲವರು ಸತ್ತರು. 2016ರಲ್ಲಿ ಕೆನಡಾದ ಪ್ರಧಾನಿ ಅಲ್ಲಿನ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ನೂರು ವರ್ಷ ಬೇಕಾಯಿತು.

ಇನ್ನು ದೊಡ್ಡ ಲೆಕ್ಕ. ಅದೇ ಫಿಟ್ಟರ್, ಅದೇ ಕೈ, ಅದೇ ಐಟಿಐ. ಗಂಗಾವತಿಯಲ್ಲಿ ಒಂದು ಸಂಬಳ, ಜರ್ಮನಿಯಲ್ಲಿ ಅದರ ಹಲವು ಪಟ್ಟು. ವಿಮಾನ ಇಳಿದ ಕೂಡಲೇ ನಿಮ್ಮ ಕೌಶಲ ಬದಲಾಗುವುದಿಲ್ಲ. ಅಲ್ಲಿನ ಯಂತ್ರ, ರಸ್ತೆ, ಕರೆಂಟು, ಕೋರ್ಟು, ಇವೆಲ್ಲ ಸೇರಿ ಅದೇ ಒಂದು ತಾಸಿನ ದುಡಿಮೆಯಿಂದ ಜಾಸ್ತಿ ಹುಟ್ಟಿಸುತ್ತವೆ. ಹಾಗಾಗಿ ಬಡ ದೇಶದಲ್ಲಿ ಒಬ್ಬನನ್ನು ಕಟ್ಟಿಹಾಕಿದರೆ ಅವನಿಗಷ್ಟೇ ಅಲ್ಲ, ಜಗತ್ತಿಗೇ ನಷ್ಟ. ಮೈಕೆಲ್ ಕ್ಲೆಮೆನ್ಸ್ ಅನ್ನುವ ಅರ್ಥಶಾಸ್ತ್ರಜ್ಞರು 2011ರಲ್ಲಿ ಇಂಥ ಲೆಕ್ಕಗಳನ್ನೆಲ್ಲ ಒಟ್ಟುಗೂಡಿಸಿದರು. ಎಲ್ಲಾ ತಡೆ ತೆಗೆದರೆ ಜಗತ್ತಿನ ಉತ್ಪತ್ತಿ ಶೇ 50ರಿಂದ 150ರಷ್ಟು ಹೆಚ್ಚಬಹುದು ಅನ್ನುತ್ತವೆ ಆ ಅಂದಾಜುಗಳು. ಅಂದಾಜು ಅಂದರೆ ಅಂದಾಜೇ, ಅರ್ಧಕ್ಕೆ ಇಳಿಸಿ ಬೇಕಾದರೆ, ಅದರಲ್ಲೂ ಅರ್ಧ ಮಾಡಿ. ಆಗಲೂ ಸರಕಿನ ವ್ಯಾಪಾರದ ಎಲ್ಲಾ ಅಡ್ಡಿ ತೆಗೆದರೆ ಬರುವ ಲಾಭಕ್ಕಿಂತ ಅದು ಎಷ್ಟೋ ದೊಡ್ಡದು. 2024ರಲ್ಲಿ ಹೊರದೇಶದಲ್ಲಿರುವ ಭಾರತೀಯರು ಮನೆಗೆ ಕಳಿಸಿದ ಹಣ ಸುಮಾರು 129 ಬಿಲಿಯನ್ ಡಾಲರ್ ಅಂತ ವಿಶ್ವ ಬ್ಯಾಂಕ್ ಅಂದಾಜು ಮಾಡಿತು, ಜಗತ್ತಿನಲ್ಲೇ ಜಾಸ್ತಿ. ಯಾವ ದೇಶದ ನೆರವಿನ ಹಣವೂ ಹೀಗೆ ನೇರವಾಗಿ ಅಡುಗೆ ಮನೆಗೆ ಬರುವುದಿಲ್ಲ.

ಎಲ್ಲರೂ ಹೊರಟೇಬಿಟ್ಟರೆ? ಹೊರಡುವುದಿಲ್ಲ. ನೇಪಾಳಕ್ಕೂ ನಮಗೂ 1950ರ ಒಪ್ಪಂದ ಇದೆ, ನೇಪಾಳದವರು ವೀಸಾ ಇಲ್ಲದೆ ಬಂದು ಇಲ್ಲಿ ಇರಬಹುದು, ದುಡಿಯಬಹುದು. ಅವರು ನಮಗಿಂತ ಬಡವರು. ಆದರೂ ನೇಪಾಳ ಖಾಲಿ ಆಗಿಲ್ಲ, ಭಾರತ ಮುಳುಗಿಲ್ಲ. ಬಳ್ಳಾರಿ, ರಾಯಚೂರಿನಲ್ಲಿ ರಾತ್ರಿ ಸೀಟಿ ಊದುತ್ತಾ ಓಡಾಡುವ ನೇಪಾಳಿಯನ್ನು ವಿದೇಶಿ ಅಂತ ಯಾರೂ ಹಿಡಿದು ಕೇಳಿದ್ದಿಲ್ಲ. ಐರೋಪ್ಯ ಒಕ್ಕೂಟದ 27 ದೇಶಗಳ ಜನ ಒಂದರಿಂದ ಒಂದಕ್ಕೆ ಕೆಲಸಕ್ಕೆ ಹೋಗಬಹುದು, ಬಲ್ಗೇರಿಯಾ, ರೊಮೇನಿಯಾದ ಹೆಚ್ಚಿನ ಜನ ಈಗಲೂ ತಮ್ಮ ಊರಲ್ಲೇ ಇದ್ದಾರೆ. ತಾಯಿ, ಭಾಷೆ, ಹೊಲ, ಜಾತ್ರೆ ಬಿಟ್ಟು ಹೋಗುವುದು ಯಾರಿಗೂ ಸುಲಭ ಅಲ್ಲ.

ಆದರೆ ಒಂದು ಅಂಜಿಕೆಯನ್ನು ನಾನೂ ಗಂಭೀರವಾಗಿ ತಗೊಳ್ಳುತ್ತೇನೆ. 2004ರಲ್ಲಿ ಪೋಲೆಂಡ್ ಮತ್ತಿತರ ದೇಶಗಳು ಐರೋಪ್ಯ ಒಕ್ಕೂಟ ಸೇರಿದಾಗ ಬ್ರಿಟನ್ ಮೊದಲ ದಿನದಿಂದಲೇ ಬಾಗಿಲು ತೆರೆಯಿತು, ಜರ್ಮನಿ 2011ರವರೆಗೆ ತಡೆಹಿಡಿಯಿತು. ಬಂದವರು ಚೆನ್ನಾಗಿ ದುಡಿದರು, ತೆರಿಗೆ ಕಟ್ಟಿದರು. ಆದರೂ ಕೆಲವು ಪಟ್ಟಣಗಳಲ್ಲಿ ಶಾಲೆ, ಆಸ್ಪತ್ರೆ, ಬಾಡಿಗೆ ಮನೆ ಸಾಲದೆ ಅಸಮಾಧಾನ ಬೆಳೆಯಿತು, 2016ರಲ್ಲಿ ಬ್ರಿಟನ್ ಒಕ್ಕೂಟವನ್ನೇ ಬಿಡಲು ಮತ ಹಾಕಿದ್ದಕ್ಕೆ ಅದೂ ಒಂದು ಕಾರಣ. ಅದಕ್ಕೇ ನಾನು ಬಾಗಿಲು ಬೇಗ ತೆರೆಯಿರಿ ಅನ್ನುವಾಗ, ಜನ ಬರುವ ಊರಿಗೆ ಹಣವೂ ಜೊತೆಗೇ ಬರಬೇಕು ಅಂತ ಸೇರಿಸುತ್ತೇನೆ. ಬಂದವರಿಂದ ಒಂದು ಶುಲ್ಕ ತಗೊಳ್ಳಿ, ಅಥವಾ ಮೊದಲ ಕೆಲವು ವರ್ಷ ಸ್ವಲ್ಪ ಜಾಸ್ತಿ ತೆರಿಗೆ ಹಾಕಿ, ಆ ದುಡ್ಡನ್ನು ಅದೇ ತಾಲ್ಲೂಕಿನ ಶಾಲೆಗೆ, ನೀರಿಗೆ ಕೊಡಿ. ಸರ್ಕಾರದ ಸವಲತ್ತು ಕೆಲವು ವರ್ಷ ತಡವಾಗಿ ಸಿಗಲಿ. ಕೊಲೆಗಡುಕನನ್ನು, ಭಯೋತ್ಪಾದಕನನ್ನು ಗಡಿಯಲ್ಲಿ ಹಿಡಿಯಿರಿ. ಇವೆಲ್ಲ ಕಠಿಣ ಅನಿಸಬಹುದು, ಆದರೆ ಬರಲೇಬೇಡ ಅನ್ನುವುದಕ್ಕಿಂತ ಸಾವಿರ ಪಾಲು ಮೇಲು.

ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿಯ ವಿಚಾರ ನೀವು ಕೇಳಲಿಲ್ಲ, ಆದರೆ ನಮ್ಮ ಭಾಗದಲ್ಲಿ ಇದನ್ನು ಬರೆದರೆ ಯಾರಾದರೂ ಕೇಳಿಯೇ ಕೇಳುತ್ತಾರೆ. ನಾನು ಅದರ ಪರ. ಅದು ಈ ಭಾಗಕ್ಕೆ ಹಿಂದೆ ಆದ ಅನ್ಯಾಯಕ್ಕೆ ಸರ್ಕಾರಿ ನೌಕರಿ, ಕಾಲೇಜು ಸೀಟಿನಲ್ಲಿ ಕೊಟ್ಟ ಪಾಲು. ಇಲ್ಲಿಗೆ ಬಂದು ಬದುಕುವುದನ್ನು ಅದು ಯಾರಿಗೂ ತಡೆಯುವುದಿಲ್ಲ. ಖಾಸಗಿ ಕೆಲಸಗಳಲ್ಲಿ ಮ್ಯಾನೇಜರ್ ಹುದ್ದೆಗೆ ಶೇ 50, ಉಳಿದದ್ದಕ್ಕೆ ಶೇ 70 ಸ್ಥಳೀಯರೇ ಇರಬೇಕು ಅಂತ 2024ರ ಜುಲೈನಲ್ಲಿ ರಾಜ್ಯ ಸಂಪುಟ ಒಪ್ಪಿ, ಎರಡೇ ದಿನದಲ್ಲಿ ತಡೆಹಿಡಿದ ಮಸೂದೆ ಮಾತ್ರ ಬೇರೆ ಜಾತಿಯದು. ಹರಿಯಾಣದ ಅಂಥದ್ದೇ ಕಾನೂನನ್ನು 2023ರಲ್ಲಿ ಹೈಕೋರ್ಟ್ ರದ್ದು ಮಾಡಿತ್ತು. ಪ್ರತಿ ರಾಜ್ಯವೂ ಹೀಗೆ ಬೇಲಿ ಹಾಕಿದರೆ ಮೊದಲು ಪೆಟ್ಟು ತಿನ್ನುವವರು ಗುಳೆ ಹೋಗುವ ನಮ್ಮ ಜಿಲ್ಲೆಗಳವರೇ.

ನಿಮ್ಮ ಅಕ್ಕನ ವಿಷಯ. ನರ್ಸ್‌ಗಳೆಲ್ಲ ಜರ್ಮನಿಗೆ ಹೋದರೆ ಕೊಪ್ಪಳದ ಆಸ್ಪತ್ರೆಗೆ ಯಾರು ಅಂತ ಯಾರಾದರೂ ಅವಳಿಗೆ ಚುಚ್ಚಿರಬಹುದು. ಫಿಲಿಪ್ಪೀನ್ಸ್‌ನಲ್ಲಿ ಇದನ್ನು ಅಳೆದು ನೋಡಿದ್ದಾರೆ. ಅಮೆರಿಕ 2000ದ ಆಸುಪಾಸಿನಲ್ಲಿ ನರ್ಸ್‌ಗಳಿಗೆ ವೀಸಾ ಹೆಚ್ಚಿಸಿದಾಗ ಅಲ್ಲಿ ನರ್ಸಿಂಗ್ ಓದುವವರು ಎಷ್ಟು ಹೆಚ್ಚಾದರು ಅಂದರೆ, ಹೋದವರನ್ನು ಕಳೆದ ಮೇಲೂ ದೇಶದಲ್ಲಿ ಉಳಿದ ನರ್ಸ್‌ಗಳು ಮೊದಲಿಗಿಂತ ಜಾಸ್ತಿಯೇ ಆದರು. ಕೇರಳದಲ್ಲೂ ಇದನ್ನೇ ಕಾಣಬಹುದು. ಅವಳು ನಿಶ್ಚಿಂತೆಯಿಂದ ಹೋಗಲಿ.

ಕೊನೆಗೆ ಬಾಂಗ್ಲಾ. ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪ್‌ಗಳಿಗೆ ಹೋಗಿದ್ದೀರಾ? ಪೂರ್ವ ಪಾಕಿಸ್ತಾನದಿಂದ ಓಡಿ ಬಂದ ಬಂಗಾಳಿ ನಿರಾಶ್ರಿತರನ್ನು ಸರ್ಕಾರವೇ 1970ರ ದಶಕದಲ್ಲಿ ಅಲ್ಲಿ ನೆಲೆ ನಿಲ್ಲಿಸಿತು, ಜಮೀನು ಕೊಟ್ಟಿತು. ಅವರ ಮಕ್ಕಳು, ಮೊಮ್ಮಕ್ಕಳು ಕನ್ನಡ ಶಾಲೆಯಲ್ಲಿ ಓದಿ, ಮನೆಯಲ್ಲಿ ಬಂಗಾಳಿ, ಸಂತೆಯಲ್ಲಿ ಕನ್ನಡ ಮಾತಾಡುತ್ತಾರೆ. ಅವರಿಂದ ಸಿಂಧನೂರಿಗೆ ಏನು ಕೇಡಾಯಿತು ಹೇಳಿ. ಕೇಡಾದದ್ದು ಅವರಿಗೆ, ಪೌರತ್ವದ ಕಾಗದ ಇಲ್ಲದೆ ಎಷ್ಟೋ ಜನ ದಶಕಗಟ್ಟಲೆ ಅಲೆದರು.

ಹಾಗಾಗಿ ನನ್ನ ಉತ್ತರ ಹೌದು, ಬರಲಿ. ಹಿಂದೂ ಆಗಲಿ ಮುಸ್ಲಿಂ ಆಗಲಿ, ದುಡಿಯಲು ಬರುವವರು ಮುಂಬಾಗಿಲಿನಿಂದ ಬರಲಿ. ಈಗ ಅವರು ದಲ್ಲಾಳಿಗೆ ದುಡ್ಡು ಕೊಟ್ಟು ಕತ್ತಲಲ್ಲಿ ಬೇಲಿ ದಾಟುತ್ತಾರೆ, ಸುಳ್ಳು ಹೆಸರು ಹೇಳುತ್ತಾರೆ, ಸಂಬಳ ಕೊಡದಿದ್ದರೂ ಠಾಣೆಗೆ ಹೋಗಲು ಹೆದರುತ್ತಾರೆ. ಮಾಲೀಕನಿಗೆ ಇದಕ್ಕಿಂತ ಅಗ್ಗದ ಆಳು ಇನ್ನೆಲ್ಲಿ ಸಿಗಬೇಕು? ನನ್ನ ಕೈಲಿದ್ದರೆ ಗಡಿಯಲ್ಲೇ ಅವರ ಬೆರಳಚ್ಚು ತಗೊಂಡು, ಹಿನ್ನೆಲೆ ನೋಡಿ, ನಿಜವಾದ ಹೆಸರಿನಲ್ಲಿ ಕೆಲಸದ ಪರವಾನಗಿ ಕೊಡುತ್ತಿದ್ದೆ. ಅದರ ಮೇಲೆ ಕನಿಷ್ಠ ಕೂಲಿ ಎಷ್ಟು ಅಂತಲೂ, ಕೊಡದಿದ್ದರೆ ಯಾವ ನಂಬರಿಗೆ ಫೋನ್ ಮಾಡಬೇಕು ಅಂತಲೂ ಬಂಗಾಳಿಯಲ್ಲಿ ಅಚ್ಚು ಹಾಕಿಸುತ್ತಿದ್ದೆ. ಜಾರ್ಖಂಡಿನ ಹುಡುಗನಿಗೆ ಹಿಂದಿಯಲ್ಲಿ, ನಿಮಗೆ ಕನ್ನಡದಲ್ಲಿ ಅದೇ ಚೀಟಿ.